ಕರೆಂಟಿನ ಪೆಟ್ಟಿಗೆ ಮುಂದೆ ಯಾವ ಬ್ಯಾಟ್ರಿ?



ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತೇವೆ. ಅದರ ಒಳಗೆ ಹಾಕುವುದಕ್ಕೆ ಶೆಲ್ಲು ಅನ್ನುತ್ತೇವೆ. ಈ ಪಾಠದಲ್ಲೂ ಹಾಗೇ ಬರೆದಿದೆ.

ಬ್ಯಾಟ್ರಿ ಇಲ್ಲದ ಮನೆ ಕಡಿಮೆ. ಹಿತ್ತಲಿಗೆ ಹೋಗಲು ಬ್ಯಾಟ್ರಿ ಬೇಕು. ಕೊಟ್ಟಿಗೆಯಲ್ಲಿ ಹಸು ಕರು ಹಾಕುವಾಗ ಬೇಕು. ಬದುವಿನ ಮೇಲೆ ಹಾವು ಇದೆಯೋ ಇಲ್ಲವೋ ನೋಡಲು ಬೇಕು. ಕರೆಂಟು ಹೋದಾಗ ಫ್ಯೂಸ್ ನೋಡಲೂ ಬೇಕು.

ಮೊದಲ ಮೂರು ಕೆಲಸಕ್ಕೆ ಯಾವ ಬ್ಯಾಟ್ರಿ ಆದರೂ ಆದೀತು. ನಾಲ್ಕನೆಯ ಕೆಲಸಕ್ಕೆ ಆಗದು. ಕರೆಂಟಿನ ಪೆಟ್ಟಿಗೆ ಮುಂದೆ ನಿಂತಾಗ ಕೈಯಲ್ಲಿರುವ ಬ್ಯಾಟ್ರಿ ಎಂಥದ್ದು ಅನ್ನುವುದು ಪ್ರಾಣದ ಪ್ರಶ್ನೆ. ಯಾಕೆ? ಬನ್ನಿ, ಓದಿ ತಿಳಿಯೋಣ.

ಮೊದಲು ಈ ಪದಗಳನ್ನು ಓದಿ:

ಬ್ಯಾಟ್ರಿ – ಶೆಲ್ಲು – ಸ್ಟಾರ್ಟರ್ – ಫ್ಯೂಸ್ – ಮೈನ್ ಸ್ವಿಚ್ – ಹಿತ್ತಾಳೆ – ತಾಮ್ರ – ರಬ್ಬರ್ – ಪ್ಲಾಸ್ಟಿಕ್ – ಲೈನ್‌ಮನ್

1. ಕತ್ತಲೆಯ ಹೊತ್ತಿನ ಕೆಲಸ

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ನೀರು ಇದೆ. ಭತ್ತ, ಕಬ್ಬು ಬೆಳೆಯುತ್ತಾರೆ. ಆಲೆಮನೆಗಳಲ್ಲಿ ಗಾಣ ತಿರುಗಲು ಮೋಟಾರು ಇದೆ. ನಾಗಮಂಗಲದ ಕಡೆ ಕೆರೆ ಮತ್ತು ಬೋರ್‌ವೆಲ್ಲೇ ಹೆಚ್ಚು. ಕೆ.ಆರ್. ಪೇಟೆಯ ಕಡೆ ಹೇಮಾವತಿ ನಾಲೆಯೂ ಉಂಟು, ಬೋರ್‌ವೆಲ್ಲೂ ಉಂಟು. ತೆಂಗಿನ ತೋಟಕ್ಕೆ ಪಂಪ್‌ಸೆಟ್ಟಿನ ನೀರು ಬೇಕು.

ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಬೇಕು. ಅದು ಇಡೀ ದಿನ ಇರುವುದಿಲ್ಲ. ಪಾಳಿಯ ಮೇಲೆ ಬರುತ್ತದೆ. ಎಷ್ಟೋ ಸಲ ರಾತ್ರಿಯ ಪಾಳಿ. ಗಂಡ ಆಲೆಮನೆಗೆ ಹೋಗಿದ್ದರೆ, ಮಗ ಬೆಂಗಳೂರಲ್ಲಿ ಇದ್ದರೆ, ಮೋಟಾರು ಹಾಕುವವರು ಯಾರು? ಮನೆಯ ಹೆಂಗಸೇ. ಒಂದು ಕೈಯಲ್ಲಿ ಬ್ಯಾಟ್ರಿ. ಕಾಲಿನ ಕೆಳಗೆ ಒದ್ದೆ ಮಣ್ಣು. ಎದುರಿಗೆ ಸ್ಟಾರ್ಟರ್ ಪೆಟ್ಟಿಗೆ.

ಮನೆಯಲ್ಲೂ ಅಷ್ಟೇ. ಮಳೆ ಬಂತು, ದೀಪ ಆರಿತು. ಮಕ್ಕಳು ಓದಬೇಕು. ಅಮ್ಮ ಬ್ಯಾಟ್ರಿ ಹಿಡಿದು ಮೈನ್ ಸ್ವಿಚ್ಚಿನ ಹತ್ತಿರ ಹೋಗುತ್ತಾಳೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ನಾವು ಬ್ಯಾಟ್ರಿ ಹಿಡಿಯುವುದೇ ಕರೆಂಟು ಹೋದಾಗ. ಕರೆಂಟು ಹೋದಾಗ ನಮಗೆ ಅನಿಸುವುದು ಏನು? "ಈಗ ತಂತಿಯಲ್ಲಿ ಏನೂ ಇಲ್ಲ, ಮುಟ್ಟಿದರೂ ಆಗುತ್ತೆ." ಈ ನಂಬಿಕೆಯೇ ಮೋಸ. ಹೋದ ಕರೆಂಟು ಹೇಳಿ ಕೇಳಿ ಬರುವುದಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರಬಹುದು. ಮನೆಯ ಫ್ಯೂಸ್ ಮಾತ್ರ ಹೋಗಿದ್ದರೆ, ಕಂಬದಿಂದ ಬರುವ ತಂತಿಯಲ್ಲಿ ಆಗಲೂ ಕರೆಂಟು ಇದ್ದೇ ಇರುತ್ತದೆ. ಮೈನ್ ಸ್ವಿಚ್ ಆಫ್ ಮಾಡಿದರೂ, ಮೀಟರಿನಿಂದ ಸ್ವಿಚ್ಚಿಗೆ ಬರುವ ತಂತಿಯಲ್ಲಿ ಕರೆಂಟು ನಿಂತೇ ಇರುತ್ತದೆ. ಆಫ್ ಆಗುವುದು ಸ್ವಿಚ್ಚಿನಿಂದ ಮನೆಯ ಒಳಕ್ಕೆ ಹೋಗುವ ತಂತಿ ಮಾತ್ರ.

2. ಕರೆಂಟು ಯಾವುದರಲ್ಲಿ ಹರಿಯುತ್ತದೆ?

ನೀರಿಗೆ ಕಾಲುವೆ ಬೇಕು. ಕರೆಂಟಿಗೂ ಒಂದು ಕಾಲುವೆ ಬೇಕು. ಲೋಹವೇ ಕರೆಂಟಿನ ಕಾಲುವೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಸಾಕ್ಷಿ ಇದೆ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ಕರೆಂಟು ತಯಾರಿಸಿದರು. ಆ ಕರೆಂಟು ತಂತಿಯ ಮೇಲೆ ಸುಮಾರು 147 ಕಿಲೋಮೀಟರ್ ಓಡಿತು. ಕೋಲಾರದ ಚಿನ್ನದ ಗಣಿಯಲ್ಲಿ ಯಂತ್ರಗಳನ್ನು ತಿರುಗಿಸಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಕೊಟ್ಟಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಗದ್ದೆಗಳಿಗೆ ನೀರು ಕೊಡುವುದರ ಜೊತೆಗೆ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಸಿಗಲಿ ಅನ್ನುವುದೂ ಆ ಕಟ್ಟೆಯ ಉದ್ದೇಶವಾಗಿತ್ತು.

ಈಗ ಯೋಚನೆ ಮಾಡಿ. 147 ಕಿಲೋಮೀಟರ್ ಉದ್ದದ ಲೋಹದ ತಂತಿಯಲ್ಲಿ ಓಡುವ ಕರೆಂಟನ್ನು ಒಂದು ಗೇಣುದ್ದದ ಸ್ಟೀಲ್ ಬ್ಯಾಟ್ರಿ ತಡೆದೀತೆ?

ಕರೆಂಟು ಸುಲಭವಾಗಿ ಹರಿಯುವ ವಸ್ತುಗಳಿಗೆ ವಾಹಕ ಎಂದು ಹೆಸರು. ಸುಲಭವಾಗಿ ಹರಿಯದ ವಸ್ತುಗಳಿಗೆ ಅವಾಹಕ ಎಂದು ಹೆಸರು.

ವಾಹಕಗಳು: ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ, ಸ್ಟೀಲು, ಹಿತ್ತಾಳೆ, ಕಂಚು, ಬೆಳ್ಳಿ, ಚಿನ್ನ. ಮನೆ ಬಳಕೆಯ ನೀರು, ಒದ್ದೆ ಮಣ್ಣು, ಒದ್ದೆ ಬಟ್ಟೆ, ಹಸಿ ಮರದಲ್ಲೂ ಕರೆಂಟು ಹರಿಯುತ್ತದೆ. ನಮ್ಮ ಮೈಯಲ್ಲೂ ಹರಿಯುತ್ತದೆ.

ಅವಾಹಕಗಳು: ಪ್ಲಾಸ್ಟಿಕ್, ರಬ್ಬರ್, ಪಿಂಗಾಣಿ, ಗಾಜು, ಒಣಗಿದ ಮರ.

ನಾಗಮಂಗಲ ಹಿಂದಿನಿಂದಲೂ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದ ಊರು. ಹಿತ್ತಾಳೆ ಬಿಂದಿಗೆ ಮನೆಗೆ ಶೋಭೆ. ಆದರೆ ಹಿತ್ತಾಳೆ ಬ್ಯಾಟ್ರಿ ಕರೆಂಟಿನ ಹತ್ತಿರ ಶತ್ರು. ಹಳೆಯ ಕಾಲದ ಬ್ಯಾಟ್ರಿ ಎಷ್ಟೋ ಮನೆಗಳ ಅಟ್ಟದ ಮೇಲೆ ಇನ್ನೂ ಇದೆ. ಅದು ಹಿತ್ತಾಳೆಯದೋ, ಸ್ಟೀಲಿನದೋ ನೋಡಿ.

3. ಲೋಹದ ಬ್ಯಾಟ್ರಿಯಿಂದ ಏನಾಗುತ್ತದೆ?

ಬ್ಯಾಟ್ರಿಯ ಒಳಗಿನ ಶೆಲ್ಲಿಗೆ ಹೆದರಬೇಕಾಗಿಲ್ಲ. ಒಂದು ಮಾಮೂಲಿ ಶೆಲ್ಲು 1.5 ವೋಲ್ಟ್. ಎರಡು ಹಾಕಿದರೆ 3 ವೋಲ್ಟ್. ಅದು ಶಾಕ್ ಹೊಡೆಯುವುದಿಲ್ಲ. ಮನೆಯ ಕರೆಂಟು 230 ವೋಲ್ಟ್. ಪಂಪ್‌ಸೆಟ್ಟಿನ ಎರಡು ಫೇಸ್ ತಂತಿಗಳ ನಡುವೆ 400 ವೋಲ್ಟಿಗೂ ಹೆಚ್ಚು. ಹೆದರಬೇಕಾದದ್ದು ಇದಕ್ಕೆ.

ಲೋಹದ ಬ್ಯಾಟ್ರಿಯ ತುದಿ ಕತ್ತಲಲ್ಲಿ ಫ್ಯೂಸಿನ ತಂತಿಗೆ ತಗುಲಿತು ಅನ್ನಿ. ಕರೆಂಟು ಬ್ಯಾಟ್ರಿಗೆ ಬರುತ್ತದೆ. ಬ್ಯಾಟ್ರಿಯಿಂದ ಕೈಗೆ, ಕೈಯಿಂದ ಎದೆಗೆ, ಎದೆಯಿಂದ ಕಾಲಿಗೆ, ಕಾಲಿನಿಂದ ಒದ್ದೆ ನೆಲಕ್ಕೆ. ನಡುವೆ ಇರುವುದು ನಮ್ಮ ಹೃದಯ. 9 ವ್ಯಾಟಿನ ಒಂದು ಎಲ್.ಇ.ಡಿ. ಬಲ್ಬು ಉರಿಯಲು ಎಷ್ಟು ಕರೆಂಟು ಬೇಕೋ, ಅಷ್ಟು ಎದೆಯಲ್ಲಿ ಹರಿದರೂ ಪ್ರಾಣಕ್ಕೆ ಅಪಾಯ.

ಜನ "ಕರೆಂಟು ಎಳ್ಕೊಂಡ್ಬುಡ್ತು" ಅನ್ನುತ್ತಾರೆ. ಕರೆಂಟು ಎಳೆಯುವುದಿಲ್ಲ. ಕರೆಂಟು ಹೊಕ್ಕಾಗ ಕೈಯ ಮಾಂಸಖಂಡ ಬಿಗಿಯುತ್ತದೆ. ಮುಷ್ಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿಡಿದ ಬ್ಯಾಟ್ರಿಯನ್ನು ಬಿಡಬೇಕು ಅಂದರೂ ಬಿಡಲು ಆಗುವುದಿಲ್ಲ. ಆದ್ದರಿಂದಲೇ ಕೈಯಲ್ಲಿ ಹಿಡಿದ ಲೋಹ ಅಷ್ಟು ಅಪಾಯ.

ಇನ್ನೊಂದು ಅಪಾಯ ಕಿಡಿಯದು. ಲೋಹದ ಬ್ಯಾಟ್ರಿ ಕೈ ಜಾರಿ ಸ್ಟಾರ್ಟರ್ ಪೆಟ್ಟಿಗೆಯ ಒಳಗೆ ಬಿದ್ದರೆ ಎರಡು ಫೇಸಿಗೂ ಒಟ್ಟಿಗೆ ತಗುಲಬಹುದು. ಆಗ ಪಟಾಕಿ ಸಿಡಿದಂತೆ ಬೆಂಕಿ ಹಾರುತ್ತದೆ. ಬಗ್ಗಿ ನೋಡುತ್ತಿರುವ ಮುಖ, ಕಣ್ಣು ಸುಡುತ್ತದೆ. ನೈಲಾನ್ ಸೀರೆ ಆದರೆ ಹೊತ್ತಿಕೊಳ್ಳುತ್ತದೆ.

ಕೆಲವರು ಎರಡು ಕೈಗೂ ಕೆಲಸ ಇದೆ ಎಂದು ಸಣ್ಣ ಬ್ಯಾಟ್ರಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ. ಕೆಲವರು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಎರಡೂ ಬೇಡ. ಬಾಯಿ ಒದ್ದೆ. ಕಂಕುಳು ಬೆವರು. ಒದ್ದೆ ಮೈಯಲ್ಲಿ ಕರೆಂಟು ಒಣ ಮೈಗಿಂತ ಬಹಳ ಸುಲಭವಾಗಿ ಹೊಗುತ್ತದೆ.

4. ಅಂಗಡಿಯಲ್ಲಿ

(ಇಬ್ಬರು ಮೂವರು ಸೇರಿ ಗಟ್ಟಿಯಾಗಿ ಓದಿ.)

ಅತ್ತೆ ಸೊಸೆ ಪಾಂಡವಪುರದ ಪೇಟೆಗೆ ಬಂದಿದ್ದಾರೆ. ಸೊಸೆ ಈಚೆಗೆ ಓದು ಬರಹ ಕಲಿತವಳು.

ಅಂಗಡಿಯವರು: ಬನ್ನಿ ಅಮ್ಮಾ, ಏನ್ ಕೊಡ್ಲಿ?

ಅತ್ತೆ: ಒಂದು ಒಳ್ಳೆ ಬ್ಯಾಟ್ರಿ ಕೊಡಪ್ಪ. ಹಳೇದು ಕೆಟ್ಟೋಯ್ತು.

ಅಂಗಡಿಯವರು: ತಗೊಳ್ಳಿ, ಸ್ಟೀಲಿಂದು. ಕೆಳಕ್ಕೆ ಬಿದ್ರೂ ಏನೂ ಆಗಲ್ಲ. ಹತ್ತು ವರ್ಷ ಬಾಳ್ತದೆ.

ಅತ್ತೆ: ಗಟ್ಟಿಯಾಗದೆ ಕಣವ್ವ. ಇದೇ ಇರ್ಲಿ.

ಸೊಸೆ: ತಡೀರಿ ಅತ್ತೆ. ರಾತ್ರಿ ಹೊತ್ತು ಇದನ್ನ ಹಿಡ್ಕೊಂಡು ಮೋಟ್ರು ಮನೆಗೆ ಹೋಗೋರು ಯಾರು?

ಅತ್ತೆ: ನೀನೇ ತಾನೆ.

ಸೊಸೆ: ಹಂಗಾದ್ರೆ ಸ್ಟೀಲು ಬ್ಯಾಡ. ಅಣ್ಣಾ, ಪ್ಲಾಸ್ಟಿಕ್ಕಿಂದು ತೋರ್ಸಿ.

ಅಂಗಡಿಯವರು: ಇದು ನೋಡಿ, ಕರಿ ಬಣ್ಣದ್ದು.

(ಸೊಸೆ ಕೈಗೆ ತೆಗೆದುಕೊಳ್ಳುತ್ತಾಳೆ. ಉಗುರಿನಿಂದ ತಟ್ಟುತ್ತಾಳೆ. ಕೆನ್ನೆಗೆ ಮುಟ್ಟಿಸಿ ನೋಡುತ್ತಾಳೆ.)

ಸೊಸೆ: ತಟ್ಟಿದ್ರೆ ಟಣ್ ಅಂತದೆ. ಮುಟ್ಟಿದ್ರೆ ತಣ್ಣಗದೆ. ಇದು ಲೋಹ. ಮೇಲೆ ಬಣ್ಣ ಬಳ್ದವ್ರೆ ಅಷ್ಟೇ.

ಅತ್ತೆ: ಅಯಸ್ಕಾಂತ ಹಿಡ್ದು ನೋಡ್ಬುಡು. ಲೋಹ ಆದ್ರೆ ಅಂಟ್ಕೋತದೆ.

ಸೊಸೆ: ಅಯಸ್ಕಾಂತ ಕಬ್ಬಿಣನ ಹಿಡೀತದೆ ಅತ್ತೆ. ಅಲ್ಯೂಮಿನಿಯಂ, ಹಿತ್ತಾಳೆನ ಹಿಡಿಯಲ್ಲ. ಅಂಟದೆ ಇದ್ದ ಮಾತ್ರಕ್ಕೆ ಪ್ಲಾಸ್ಟಿಕ್ಕು ಅಂತ ತಿಳ್ಕೋಬಾರ್ದು. ಇಲ್ಲಿ ನೋಡಿ, ತಳದಲ್ಲಿ ಬಣ್ಣ ಹೋಗಿ ಬೆಳ್ಳಗೆ ಹೊಳೀತದೆ.

ಅಂಗಡಿಯವರು: ಹೌದು ಕಣಮ್ಮ, ಅದು ಅಲ್ಯೂಮಿನಿಯಮ್ಮೇ. ಇದು ತಗೊಳ್ಳಿ, ಪ್ಲಾಸ್ಟಿಕ್ಕು.

ಸೊಸೆ: ಕೊಳವೆ ಪ್ಲಾಸ್ಟಿಕ್ಕೇ. ಆದ್ರೆ ಗಾಜಿನ ಸುತ್ತ ಸ್ಟೀಲ್ ಬಳೆ ಅದೆ. ಹಿಂದೆ ಸರಪಣಿ ಅದೆ. ಜೇಬಿಗೆ ಸಿಕ್ಕಿಸೋ ತಗಡೂ ಅದೆ. ಪೆಟ್ಟಿಗೆ ಒಳಕ್ಕೆ ಮೊದ್ಲು ತಗಲೋದೇ ಮುಂದಿನ ಬಳೆ. ಇದೂ ಬ್ಯಾಡ ಅಣ್ಣ.

ಅತ್ತೆ: ಅಲ್ಲಿ ನೋಡವ್ವ, ಕನ್ನಡಿ ಹಂಗೆ ಹೊಳೀತದೆ. ಅದೂ ಪ್ಲಾಸ್ಟಿಕ್ಕೇ ಅಂತೆ.

ಸೊಸೆ: ಪ್ಲಾಸ್ಟಿಕ್ ಮೇಲೆ ಲೋಹದ ಲೇಪ ಕೊಟ್ರೂ ಹಂಗೆ ಹೊಳೀತದೆ ಅತ್ತೆ. ಆ ಲೇಪದ ಮೇಲೂ ಕರೆಂಟು ಹರೀಬಹುದು. ಹೊಳಪು ಇಲ್ದೆ ಇರೋದೇ ಒಳ್ಳೇದು. ಆ ಹಳದಿ ಬಣ್ಣದ್ದು ಕೊಡಿ ಅಣ್ಣ.

(ಸೊಸೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ.)

ಸೊಸೆ: ಮುಂದಿನ ಬಳೆ ಪ್ಲಾಸ್ಟಿಕ್ಕು. ಹಿಂದಿನ ಮುಚ್ಚಳ ಪ್ಲಾಸ್ಟಿಕ್ಕು. ಒತ್ತೋ ಗುಂಡಿ ಮೇಲೆ ರಬ್ಬರ್ ಅದೆ. ಹೊರಗಡೆ ಒಂದು ಸ್ಕ್ರೂನೂ ಇಲ್ಲ. ನೇತು ಹಾಕೋಕೆ ದಾರ ಅದೆ, ಸರಪಣಿ ಇಲ್ಲ. ಮುಚ್ಚಳದ ಒಳಗೆ ರಬ್ಬರ್ ಬಳೆ ಅದೆ, ಮಳೆ ಹನಿ ಒಳಕ್ಕೆ ಹೋಗಲ್ಲ. ಅಣ್ಣಾ, ಶೆಲ್ ಹಾಕಿ ತೋರ್ಸಿ.

ಅತ್ತೆ: ಹಳದಿ ಯಾಕವ್ವ? ಕೊಳೆ ಕಾಣ್ತದೆ.

ಸೊಸೆ: ಕತ್ತಲಲ್ಲಿ ಕೆಳಕ್ಕೆ ಬಿದ್ರೆ ಬೇಗ ಕಣ್ಣಿಗೆ ಬೀಳ್ತದೆ. ತಡಕಾಡೋದು ತಪ್ತದೆ.

ಅತ್ತೆ: ಎಲ್ಲಾ ಸರಿ. ಪ್ಲಾಸ್ಟಿಕ್ಕು ಬಿದ್ರೆ ಒಡ್ದೋಗಲ್ವಾ?

ಸೊಸೆ: ಒಡ್ದೋದ್ರೆ ಇನ್ನೊಂದು ಬ್ಯಾಟ್ರಿ ತರಬೌದು ಅತ್ತೆ.

(ಅತ್ತೆ ಸೊಸೆಯ ಮುಖ ನೋಡುತ್ತಾರೆ. ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡುತ್ತಾರೆ.)

5. ಬೇರೆ ಬೇರೆ ಬ್ಯಾಟ್ರಿಗಳು

ತಲೆಗೆ ಕಟ್ಟುವ ಬ್ಯಾಟ್ರಿ: ನೀರು ಕಟ್ಟುವವರು ಇದನ್ನು ಬಹಳ ಬಳಸುತ್ತಾರೆ. ಎರಡು ಕೈಯೂ ಬಿಡುವಾಗಿರುತ್ತವೆ. ಗುದ್ದಲಿ ಹಿಡಿಯಲು ಅನುಕೂಲ. ಪಟ್ಟಿ ಬಟ್ಟೆಯದು, ಪೆಟ್ಟಿಗೆ ಪ್ಲಾಸ್ಟಿಕ್ಕಿನದು ಆಗಿರಲಿ. ಆದರೆ ಒಂದು ಎಚ್ಚರಿಕೆ. ಕೈ ಬಿಡುವಾಗಿದೆ ಎಂದು ಎರಡು ಕೈಯನ್ನೂ ಕರೆಂಟಿನ ಪೆಟ್ಟಿಗೆಗೆ ಹಾಕಬೇಡಿ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟು ಹರಿದರೆ ಎದೆಯನ್ನು ದಾಟಿಯೇ ಹೋಗುತ್ತದೆ. ಸ್ವಿಚ್ ಒತ್ತುವಾಗ ಒಂದು ಕೈ ಬೆನ್ನ ಹಿಂದೆ ಇರಲಿ.

ಚಾರ್ಜ್ ಮಾಡುವ ಬ್ಯಾಟ್ರಿ: ಇದಕ್ಕೆ ಶೆಲ್ಲಿನ ಖರ್ಚು ಇಲ್ಲ. ಕೆಲವಕ್ಕೆ ಹಿಂಬದಿಯಲ್ಲೇ ಎರಡು ಪಿನ್ನು ಇರುತ್ತವೆ. ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುತ್ತೇವೆ. ಅಂಥದ್ದರಲ್ಲಿ ಅಗ್ಗದವು ಬಹಳ ಇವೆ. ಅವುಗಳ ಒಳಗೆ 230 ವೋಲ್ಟಿಗೂ ನಮ್ಮ ಕೈಗೂ ನಡುವೆ ತೆಳುವಾದ ಪ್ಲಾಸ್ಟಿಕ್ ಮಾತ್ರ ಇರುತ್ತದೆ. ಅದು ಸೀಳಿದ್ದರೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಪ್ಲಗ್ಗಿನಲ್ಲಿ ಇರುವಾಗ ಬ್ಯಾಟ್ರಿ ಉರಿಸಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಕಿತ್ತ ಮೇಲೆ ಪಿನ್ನುಗಳನ್ನು ಮುಟ್ಟಬೇಡಿ. ಸೀಳಿದ್ದನ್ನು ಎಸೆಯಿರಿ. ಬೇರೆ ಚಾರ್ಜರಿನಿಂದ, ಸಣ್ಣ ವೈರಿನಲ್ಲಿ ಚಾರ್ಜ್ ಆಗುವಂಥದ್ದು ಮೇಲು.

ಮೊಬೈಲಿನ ಬೆಳಕು: ಈಗ ಎಲ್ಲರೂ ಮೊಬೈಲ್ ಒತ್ತಿ ಬೆಳಕು ಮಾಡುತ್ತೇವೆ. ದಾರಿ ನೋಡಲು ಸಾಕು. ಕರೆಂಟಿನ ಪೆಟ್ಟಿಗೆಗೆ ಬೇಡ. ಕೆಲವು ಮೊಬೈಲಿನ ಅಂಚು ಲೋಹದ್ದು. ನುಣುಪು, ಕೈ ಜಾರುತ್ತದೆ. ನಡುವೆ ಫೋನು ಬಂದರೆ ಬೆಚ್ಚಿ ಬೀಳುತ್ತೇವೆ. ಚಾರ್ಜಿಗೆ ಹಾಕಿದ ಮೊಬೈಲನ್ನಂತೂ ಎಳೆದುಕೊಂಡು ಹೋಗಿ ನೋಡಬಾರದು.

ದೂರಕ್ಕೆ ಬೀಳುವ ಬೆಳಕು, ಅಗಲಕ್ಕೆ ಹರಡುವ ಬೆಳಕು ಎಂದು ಎರಡು ಬಗೆ ಇದೆ. ಬದು, ದಾರಿ ನೋಡಲು ದೂರದ ಬೆಳಕು ಬೇಕು. ಪೆಟ್ಟಿಗೆ ನೋಡಲು ಅಗಲದ ಬೆಳಕು ಬೇಕು. ನೆಲದ ಮೇಲೆ ತಾನೇ ನಿಲ್ಲುವ ಬ್ಯಾಟ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಒಣ ಕಲ್ಲಿನ ಮೇಲೆ ಇಟ್ಟು ಬೆಳಕು ಬಿಡಬಹುದು.

6. ಪ್ಲಾಸ್ಟಿಕ್ ಬ್ಯಾಟ್ರಿ ತಾಯಿತವಲ್ಲ

ಪ್ಲಾಸ್ಟಿಕ್ ಬ್ಯಾಟ್ರಿ ತಂದೆವು, ಇನ್ನು ಭಯ ಇಲ್ಲ ಅಂದುಕೊಳ್ಳಬೇಡಿ. ಬ್ಯಾಟ್ರಿ ಪ್ಲಾಸ್ಟಿಕ್ಕಿನದಾದರೂ ಕೈ ಪ್ಲಾಸ್ಟಿಕ್ಕಿನದಲ್ಲ. ಬ್ಯಾಟ್ರಿ ಇರುವುದು ನೋಡಲು. ತಳ್ಳಲು ಅಲ್ಲ, ಮೀಟಲು ಅಲ್ಲ, ಮುಟ್ಟಲು ಅಲ್ಲ. ನೀರು ಮೆತ್ತಿದ ಪ್ಲಾಸ್ಟಿಕ್ಕಿನ ಮೇಲೂ ಕರೆಂಟು ಹರಿದೀತು. ಆದ್ದರಿಂದ ಬ್ಯಾಟ್ರಿ ಒರೆಸಿ ಒಣಗಿಸಿ ಇಡಿ.

ಹೋಗುವ ಮೊದಲು:

ಕೈ ಒರೆಸಿಕೊಳ್ಳಿ. ಒಣಗಿದ ರಬ್ಬರ್ ಚಪ್ಪಲಿ ಹಾಕಿ. ತಾಳಿ ಸರವನ್ನು ರವಿಕೆಯ ಒಳಗೆ ಹಾಕಿಕೊಳ್ಳಿ. ಬಗ್ಗಿದಾಗ ಸರ ಮುಂದಕ್ಕೆ ಜೋಲುತ್ತದೆ. ಚಿನ್ನವೂ ವಾಹಕ, ಮರೆಯಬೇಡಿ. ಲೋಹದ ಬಳೆ ಇದ್ದರೆ ತೆಗೆದಿಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ.

ಮನೆಯಲ್ಲಿ ದೀಪ ಆರಿದರೆ:

ಮೊದಲು ಹೊರಗೆ ಬಂದು ಪಕ್ಕದ ಮನೆ ನೋಡಿ. ಅಲ್ಲೂ ದೀಪ ಇಲ್ಲವೇ? ಹಾಗಾದರೆ ಅದು ನಮ್ಮ ಫ್ಯೂಸ್ ಅಲ್ಲ. ಪೆಟ್ಟಿಗೆ ಮುಟ್ಟುವ ಕೆಲಸವೇ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಹೋಗಿದ್ದರೆ ಎಂ.ಸಿ.ಬಿ. ನೋಡಿ. ಅದರ ಗುಂಡಿ ಕೆಳಕ್ಕೆ ಬಿದ್ದಿದ್ದರೆ ಒಂದು ಸಲ ಮೇಲಕ್ಕೆ ಎತ್ತಿ. ಮತ್ತೆ ಬಿದ್ದರೆ ಬಲವಂತ ಮಾಡಬೇಡಿ. ಎಲ್ಲೋ ದೋಷ ಇದೆ ಎಂದು ಅದು ಹೇಳುತ್ತಿದೆ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಕರೆಸಿ. ಹಳೆಯ ಪಿಂಗಾಣಿ ಫ್ಯೂಸ್ ಇದ್ದರೆ ಮೈನ್ ಸ್ವಿಚ್ ಆಫ್ ಮಾಡದೆ ಮುಟ್ಟಬೇಡಿ. ಆಫ್ ಮಾಡಿದ ಮೇಲೂ ಮೀಟರಿನ ಕಡೆಯ ತಂತಿ, ಮೀಟರಿನ ಫ್ಯೂಸ್ ಮುಟ್ಟಬೇಡಿ. ಸುಟ್ಟ ಫ್ಯೂಸಿಗೆ ದಪ್ಪ ತಂತಿ ಸುತ್ತಬೇಡಿ.

ಮೋಟಾರು ಮನೆಯಲ್ಲಿ:

ಹಸಿರು ಗುಂಡಿ ಒತ್ತಿದರೆ ಮೋಟಾರು ಹೊರಡುತ್ತದೆ. ಕೆಂಪು ಒತ್ತಿದರೆ ನಿಲ್ಲುತ್ತದೆ. ನಮ್ಮ ಕೆಲಸ ಅಷ್ಟೇ. ಸ್ಟಾರ್ಟರ್ ಮುಚ್ಚಳ ಬಿಚ್ಚುವುದು ನಮ್ಮ ಕೆಲಸ ಅಲ್ಲ. ಮೋಟಾರು ಹೊರಡದಿದ್ದರೆ ಮೈನ್ ಆಫ್ ಮಾಡಿ ಬಂದುಬಿಡಿ. ಬೆಳಿಗ್ಗೆ ಬೆಳಕಿನಲ್ಲಿ ರಿಪೇರಿಯವರನ್ನು ಕರೆಸಿ. ಪೆಟ್ಟಿಗೆ ಮುಟ್ಟಿದಾಗ ಜುಮ್ ಅಂದರೂ ಸುಮ್ಮನಿರಬೇಡಿ. ಅರ್ಥಿಂಗ್ ಸರಿಯಿಲ್ಲ ಎಂದು ಅದರ ಅರ್ಥ.

ಟಿ.ಸಿ. ಹತ್ತಿರ:

ಟಿ.ಸಿ.ಗೆ ಬರುವ ಲೈನು 11,000 ವೋಲ್ಟಿನದು. ಅದು ಮುಟ್ಟುವ ತನಕ ಕಾಯುವುದಿಲ್ಲ. ಹತ್ತಿರ ಹೋದರೆ ಗಾಳಿಯಲ್ಲೇ ಹಾರಿ ಹೊಡೆಯಬಲ್ಲದು. ಅಂಗಡಿಯಲ್ಲಿ ಸಿಗುವ ಯಾವ ಪ್ಲಾಸ್ಟಿಕ್ ಬ್ಯಾಟ್ರಿಯೂ ಅಲ್ಲಿ ಕಾಯದು. ಟಿ.ಸಿ.ಯ ಫ್ಯೂಸನ್ನು ನಾವೇ ಹಾಕಬಾರದು. ಮನೆಯ ಗಂಡಸರನ್ನೂ ಹಾಕಲು ಬಿಡಬಾರದು. "ನೀರು ಒಂದು ದಿನ ತಡವಾದರೆ ಬೆಳೆ ಸಾಯಲ್ಲ" ಎಂದು ಹೇಳಿ ತಡೆಯಿರಿ. ನಮ್ಮ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಸೆಸ್ಕ್ ಎಂದು ಕರೆಯುತ್ತಾರೆ. ದೂರು ಹೇಳಲು 1912ಕ್ಕೆ ಫೋನ್ ಮಾಡಿ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಿ ಕೆಲಸ ಮಾಡುತ್ತಾರೆ.

ಗಾಳಿ ಮಳೆಗೆ ತಂತಿ ಹರಿದು ಬಿದ್ದಿದ್ದರೆ:

ದೂರದಿಂದ ಬ್ಯಾಟ್ರಿ ಬಿಟ್ಟು ನೋಡಿ. ಕನಿಷ್ಠ 20 ಹೆಜ್ಜೆ ದೂರ ನಿಲ್ಲಿ. ಜನ, ದನ ಆ ಕಡೆ ಹೋಗದಂತೆ ಕೂಗಿ ತಡೆಯಿರಿ. 1912ಕ್ಕೆ ಹೇಳಿ. ಕೋಲಿನಿಂದ ಸರಿಸಲು ಹೋಗಬೇಡಿ.

7. ಯಾರಿಗಾದರೂ ಕರೆಂಟು ಹೊಡೆದರೆ

ಕಣ್ಣೆದುರು ನಮ್ಮವರು ಒದ್ದಾಡುತ್ತಿದ್ದರೆ ಓಡಿ ಹೋಗಿ ಹಿಡಿಯಬೇಕು ಅನಿಸುತ್ತದೆ. ಹಿಡಿಯಬಾರದು. ಹಿಡಿದರೆ ಇಬ್ಬರೂ ಹೋಗುತ್ತೇವೆ.

ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ಆಫ್ ಮಾಡಲು ಆಗದಿದ್ದರೆ, ಒಣ ಹಲಗೆಯ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಅವರನ್ನು ತಂತಿಯಿಂದ ಬಿಡಿಸಿ. ಇದು ಮನೆಯ ಕರೆಂಟಿಗೆ ಮಾತ್ರ. ಕಂಬದ ತಂತಿ, ಟಿ.ಸಿ. ಆದರೆ ಹತ್ತಿರ ಹೋಗಬೇಡಿ. ಲೈನ್ ಆಫ್ ಆಗುವ ತನಕ ಕಾಯಲೇಬೇಕು.

108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಬಿಡಿಸಿದ ಮೇಲೆ ಉಸಿರು ನೋಡಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡು ಕೈ ಒಂದರ ಮೇಲೊಂದು ಇಟ್ಟು ಒತ್ತಿ. ಎರಡು ಇಂಚು ತಗ್ಗುವಷ್ಟು ಬಲವಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸಹಾಯ ಬರುವ ತನಕ ನಿಲ್ಲಿಸಬಾರದು. ಮಣ್ಣಿನಲ್ಲಿ ಹೂಳುವುದರಿಂದ ಪ್ರಾಣ ಬರುವುದಿಲ್ಲ. ಹೊತ್ತು ಹಾಳು. ಎದ್ದು ಕೂತು "ಏನೂ ಆಗಿಲ್ಲ" ಅಂದರೂ ಡಾಕ್ಟರಿಗೆ ತೋರಿಸಿ. ಸುಟ್ಟ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ದೊಡ್ಡದಾಗಿರಬಹುದು.

ಬ್ಯಾಟ್ರಿ ನೋಡಿ ತೆಗೆದುಕೊಳ್ಳುವುದು ಈ ದಿನ ಬಾರದಿರಲಿ ಎಂದೇ.

8. ಅಭ್ಯಾಸ

ಅ) ಬಿಟ್ಟ ಜಾಗ ತುಂಬಿ.

1. ಕರೆಂಟು ಸುಲಭವಾಗಿ ಹರಿಯುವ ವಸ್ತುವಿಗೆ ________ ಎಂದು ಹೆಸರು.
2. ಮನೆಯ ಕರೆಂಟು ________ ವೋಲ್ಟ್.
3. ಅಯಸ್ಕಾಂತವು ________ ಹಿಡಿಯುತ್ತದೆ, ________ ಹಿಡಿಯುವುದಿಲ್ಲ.
4. ಕರೆಂಟಿನ ದೂರು ಹೇಳಲು ________ಕ್ಕೆ ಫೋನ್ ಮಾಡಬೇಕು.

ಆ) ಸರಿಯೋ ತಪ್ಪೋ ಬರೆಯಿರಿ.

1. ಕರೆಂಟು ಹೋದಾಗ ತಂತಿ ಮುಟ್ಟಬಹುದು.
2. ಬಣ್ಣ ಬಳಿದ ಲೋಹದ ಬ್ಯಾಟ್ರಿ ಪ್ಲಾಸ್ಟಿಕ್ಕಿನಷ್ಟೇ ಒಳ್ಳೆಯದು.
3. ಪ್ಲಾಸ್ಟಿಕ್ ಬ್ಯಾಟ್ರಿ ಇದ್ದರೆ ಟಿ.ಸಿ. ಫ್ಯೂಸ್ ಹಾಕಬಹುದು.
4. ತಾಳಿ ಸರವನ್ನು ರವಿಕೆಯ ಒಳಗೆ ಹಾಕಿಕೊಂಡು ಹೋಗಬೇಕು.

ಇ) ಲೆಕ್ಕ ಮಾಡಿ.

ಒಂದು ಪ್ಲಾಸ್ಟಿಕ್ ಬ್ಯಾಟ್ರಿಗೆ 110 ರೂಪಾಯಿ. ಒಂದು ಶೆಲ್ಲಿಗೆ 20 ರೂಪಾಯಿ. ಬ್ಯಾಟ್ರಿಗೆ ಎರಡು ಶೆಲ್ಲು ಬೇಕು. ಒಟ್ಟು ಎಷ್ಟಾಯಿತು? ಅಂಗಡಿಯವರಿಗೆ 200 ರೂಪಾಯಿ ಕೊಟ್ಟರೆ ಎಷ್ಟು ವಾಪಸು ಬರಬೇಕು?

ಈ) ಮಾತಾಡಿ.

ನಿಮ್ಮ ಊರಿನಲ್ಲಿ ರಾತ್ರಿ ಮೋಟಾರು ಹಾಕಲು ಯಾರು ಹೋಗುತ್ತಾರೆ? ಅವರ ಕೈಯಲ್ಲಿ ಎಂಥ ಬ್ಯಾಟ್ರಿ ಇರುತ್ತದೆ? ಟಿ.ಸಿ. ಫ್ಯೂಸ್ ಹೋದರೆ ಯಾರು ಹಾಕುತ್ತಾರೆ?

ಉ) ಮನೆಗೆ ಹೋಗಿ ಮಾಡಿ.

ಮನೆಯಲ್ಲಿರುವ ಬ್ಯಾಟ್ರಿಗಳನ್ನೆಲ್ಲ ಹಗಲಿನಲ್ಲಿ ಮುಂದೆ ಇಟ್ಟುಕೊಳ್ಳಿ. ಕೊಳವೆ, ಮುಂದಿನ ಬಳೆ, ಹಿಂದಿನ ಮುಚ್ಚಳ, ಗುಂಡಿ, ಸರಪಣಿ, ಈ ಐದನ್ನೂ ನೋಡಿ. ಯಾವುದು ಲೋಹ, ಯಾವುದು ಪ್ಲಾಸ್ಟಿಕ್ ಎಂದು ಪುಸ್ತಕದಲ್ಲಿ ಬರೆಯಿರಿ. ಪೂರಾ ಪ್ಲಾಸ್ಟಿಕ್ಕಿನದು ಇದ್ದರೆ ಅದಕ್ಕೆ ಒಂದು ದಾರ ಕಟ್ಟಿ, ಮೈನ್ ಸ್ವಿಚ್ಚಿನಿಂದ ಎರಡು ಮೊಳ ದೂರದಲ್ಲಿ ಮೊಳೆಗೆ ನೇತು ಹಾಕಿ. ಅದರ ಪಕ್ಕದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡ ಅಕ್ಷರದಲ್ಲಿ ನೀವೇ ಬರೆಯಿರಿ:

ಕರೆಂಟು – 1912
ಆಂಬುಲೆನ್ಸ್ – 108